ಇಷ್ಟವೇ ಎಂದು ಕೇಳುವ ಮನೆ

ಗಿಜೆಲ್ಲಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಬಯಾ ಊರಿನ ಮೀನುಪೇಟೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಮೀನಿನ ಕಣ್ಣು ಒತ್ತಿ ನೋಡುವ ಗಿರಾಕಿಯನ್ನು ಅವಳು ಸಹಿಸುತ್ತಾಳೆ. ಕಿವಿರು ಎತ್ತಿ ಮೂಸುವವನನ್ನೂ ಸಹಿಸುತ್ತಾಳೆ, ಅದು ಕೊಳ್ಳುವವನ ಹಕ್ಕು. ಆದರೆ ವಯಸ್ಸಾದವರನ್ನು ಯಾರಾದರೂ ‘ಏನೋ, ಬಾರೇ’ ಎಂದು ಏಕವಚನದಲ್ಲಿ ಕರೆದರೆ ಮುಗಿಯಿತು, ಕೈಯಲ್ಲಿರುವ ಮೀನು ಅವರ ಮುಖಕ್ಕೇ ಬೀಳಬಹುದು. ಒಮ್ಮೆ ಬಿದ್ದೂ ಇದೆ. ಮುದುಕಿಯೊಬ್ಬಳಿಗೆ ‘ಸರಿ ಆಚೆ’ ಎಂದ ತರಕಾರಿ ವ್ಯಾಪಾರಿಯ ಕಪಾಳಕ್ಕೆ ಒಳ್ಳೆ ತೂಕದ ಕಾರ್ಪ್ ಮೀನು ಅಪ್ಪಳಿಸಿದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು. ಆಮೇಲೆ ಅದೇ ಮೀನನ್ನು ತೊಳೆದು ಅವನಿಗೇ ಮಾರಿದಳು.

ಈ ಶಿಸ್ತು ಅವಳಿಗೆ ಬಂದದ್ದು ಅಕ್ಕನಿಂದ. ತಾಯಿ ತೀರಿಕೊಂಡಾಗ ಗಿಜೆಲ್ಲಾ ಇನ್ನೂ ಹಲ್ಲು ಬೀಳದ ಹುಡುಗಿ, ಅಕ್ಕ ಅರಂಕಾ ಮದುವೆಗೆ ಬಂದವಳು. ಅಪ್ಪ ದೂನಾ ಹೊಳೆಯ ಮೇಲೆ ದೋಣಿಯಲ್ಲೇ ಬದುಕಿದ ಬೆಸ್ತ. ಮನೆಗೆ ಬಂದರೆ ಬಲೆ ಒಣಗಿಸಲು, ಇಲ್ಲವೇ ಗೊರಕೆ ಹೊಡೆಯಲು. ತಂಗಿಯ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಮಾತು ಕಲಿಸಿದ್ದು ಎಲ್ಲ ಅರಂಕಾಳೇ. ಅವಳು ಮದುವೆಯ ಸುದ್ದಿ ಎತ್ತಲೇ ಇಲ್ಲ. ಮಾತು ಕಲಿಸುವುದು ನಮ್ಮ ಸೀಮೆಯಲ್ಲಿ ಸಣ್ಣ ಕೆಲಸವಲ್ಲ. ಹಿರಿಯರನ್ನು ‘ಊಟ ಮಾಡ್ತೀರಾ’ ಎಂದು ಕೇಳಿದರೂ ಒರಟೇ. ‘ಊಟ ಮಾಡೋದು ಇಷ್ಟವೇ?’ ಎನ್ನಬೇಕು. ‘ಕೂತ್ಕೊಳ್ಳಿ’ ಅಲ್ಲ, ‘ಕೂತ್ಕೊಳ್ಳೋದು ಇಷ್ಟವಾಗಲಿ’. ‘ಹೇಗಿದ್ದೀರಿ’ ಅಲ್ಲ, ‘ಹೇಗಿರೋದು ಇಷ್ಟವಾಗ್ತಿದೆ ತಮಗೆ?’ ಹೀಗೆ ಇಷ್ಟವೇ ಇಷ್ಟವೇ ಎಂದು ದಿನಕ್ಕೆ ನೂರು ಸಲ ಕೇಳುತ್ತೇವೆ, ಯಾರ ಇಷ್ಟವನ್ನೂ ಯಾರೂ ಕೇಳುತ್ತಿರುವುದಿಲ್ಲ. ಅದು ಬರೀ ಮರ್ಯಾದೆಯ ಮಾತು. ಅದಕ್ಕೆ ‘ಇಷ್ಟ’ ಎಂದೋ ‘ಇಷ್ಟವಿಲ್ಲ’ ಎಂದೋ ಉತ್ತರ ಕೊಡುವವನು ಒಂದೋ ಮಗು, ಇಲ್ಲವೇ ಹುಚ್ಚ.

ಅರಂಕಾ ಅಂಚೆ ಹಂಚುವ ಕೆಲಸಕ್ಕೆ ಸೇರಿ, ಹೊಳೆದಂಡೆಯ ಕೆಳಬೀದಿಗಳಲ್ಲಿ ಕೂದಲು ನೆರೆಯುವವರೆಗೂ ನಡೆದಳು. ಇಲಾಖೆಯವರು ಸೈಕಲ್ ಕೊಟ್ಟರೆ ಅದನ್ನು ಪಕ್ಕದಲ್ಲಿ ತಳ್ಳಿಕೊಂಡು ನಡೆದಳು. ‘ಹತ್ಕೊಂಡು ಹೋಗಬಾರದೇ?’ ಎಂದರೆ, ‘ಅಯ್ಯೋ, ಅದೂ ದಣಿಯುತ್ತೆ ಪಾಪ’ ಎನ್ನುತ್ತಿದ್ದಳು. ನಿವೃತ್ತಳಾದ ಮೇಲೂ ಬೆಳಗಾದರೆ ಖಾಲಿ ಚೀಲ ಹೆಗಲಿಗೇರಿಸಿ ಹೊರಟುಬಿಡುವಳು. ಕಾಲು ಅವಳ ಪ್ರಾಣ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಅವಳನ್ನು ಇಟ್ಟುಕೊಂಡ ಹೊಂಬಿಸಿಲು ನಿಲಯದವರು ನೆನಪಿಟ್ಟುಕೊಳ್ಳಲಿಲ್ಲ.

ಮರೆವು ಮೆಲ್ಲಗೆ ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ದಿನಗಳು, ಆಮೇಲೆ ಒಲೆ. ಹೋಗದೆ ಉಳಿದದ್ದು ನಡಿಗೆಯೊಂದೇ. ಚಳಿಗಾಲದ ಒಂದು ಬೆಳಗ್ಗೆ ಹಡಗುಕಟ್ಟೆಯಲ್ಲಿ ಬರೀ ಲಂಗದಲ್ಲಿ ನಿಂತಿದ್ದವಳನ್ನು ಪೊಲೀಸರು ಕರೆತಂದರು. ಗಿಜೆಲ್ಲಾ ಅವಳನ್ನು ತನ್ನ ಮನೆಗೇ ತಂದಿಟ್ಟುಕೊಂಡಳು. ಗಿಜೆಲ್ಲಾಳ ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ, ಮನೆ ಮೂರನೆಯ ಮಹಡಿಯಲ್ಲಿ. ಮೀನಿನ ವ್ಯಾಪಾರವೆಂದರೆ ಕೋಳಿ ಕೂಗುವ ಮೊದಲೇ ಏಳಬೇಕು. ಹೊರಡುವಾಗ ಬಾಗಿಲಿಗೆ ಬೀಗ ಹಾಕದೆ ಬೇರೆ ದಾರಿಯಿರಲಿಲ್ಲ. ಅವಳು ಬರುವವರೆಗೂ ಅರಂಕಾ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಳಂತೆ. ಪಕ್ಕದ ಮನೆಯವರು ಹೇಳಿದರು. ಒಂದು ದಿನ ಗಿಜೆಲ್ಲಾ ಮೆಟ್ಟಿಲ ಮೇಲೆ ನಿಂತು ಆ ಸದ್ದನ್ನು ತಾನೇ ಕೇಳಿದಳು. ತಲೆ ಬಾಚಿ ಬೆಳೆಸಿದವಳನ್ನು ಕೂಡಿಹಾಕಿದ್ದೇನೆ ಎಂದು ತನ್ನ ಮೇಲೆ ತನಗೇ ಅಸಹ್ಯ ಬಂತು. ಅಂದೇ ನಿಶ್ಚಯಿಸಿದಳು: ಮರೆವಿನವರನ್ನು ನೋಡಿಕೊಳ್ಳುವ ಒಂದು ಒಳ್ಳೆಯ ಮನೆ ಹುಡುಕಬೇಕು, ಅಲ್ಲಿ ಅಕ್ಕನಿಗೆ ಬೀಗ ಇರಬಾರದು. ಅವಳು ಬೇಡಿದ್ದು ಅಷ್ಟೇ.

ಮೊದಲು ಹೋದದ್ದು ಊರಾಚೆಯ ಹಳ್ಳಿಯಲ್ಲಿ, ಹಳೇ ಹಾಲಿನ ಡೇರಿಯ ಕಟ್ಟಡದಲ್ಲಿ ನಡೆಯುತ್ತಿದ್ದ ಮನೆಗೆ. ಗೇಟು ದಾಟುತ್ತಲೇ ಅವಳ ಮೂಗು ಸೊಟ್ಟಗಾಯಿತು. ಗೋಡೆಯ ಬಿಲ್ಲೆಗಳು ಒಡೆದಿದ್ದವು. ಎಲ್ಲೆಲ್ಲೂ ಈರುಳ್ಳಿ ಹುರಿದ ವಾಸನೆ. ಅಂಗಳದಲ್ಲಿ ಒಬ್ಬಾಕೆ ಬಟಾಣಿ ಬಿಡಿಸಿ ಬಿಡಿಸಿ ತಾನೇ ತಿನ್ನುತ್ತಿದ್ದಳು. ಕೋಟಿಲ್ಲದ ಒಬ್ಬ ಮುದುಕ ಅಕ್ರೋಟಿನ ಮರವನ್ನು ಸುತ್ತು ಹಾಕುತ್ತಿದ್ದ. ಆ ಮುದುಕನನ್ನು ಕಂಡು ಗಿಜೆಲ್ಲಾ ಬೆಚ್ಚಿದಳು. ಕಂಡರೆ ಇಡೀ ಜಿಲ್ಲೆಯೇ ಎದ್ದು ನಿಲ್ಲುತ್ತಿದ್ದ ಜಡ್ಜ್ ಸಾಹೇಬರು! ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಒಂದು ತಲೆ ಹೊರಬಂತು. ಬಾಯಲ್ಲಿ ಸಿಗರೇಟು.

“ಏಯ್ ಲಾಯೋಶ್! ಕೋಟ್ ಹಾಕ್ಕೊಳ್ಳೋ, ಗಾಳಿ ಇದೆ!”

“ಬೇಡ ಹೋಗೇ!” ಎಂದರು ಜಡ್ಜ್ ಸಾಹೇಬರು.

“ಬೇಡಾಂದ್ರೆ ನಡುಗು, ನಂಗೇನು!”

ಆ ತಲೆ ಮರ್ಚಾಳದು. ಆ ಮನೆಯ ಯಜಮಾನಿ, ಅಡುಗೆಯವಳು, ಆಯಾ ಎಲ್ಲ ಅವಳೇ. ಗಿಜೆಲ್ಲಾ ಕಿಟಕಿಯ ಬುಡಕ್ಕೇ ಹೋಗಿ ನಿಂತಳು.

“ಅವರು ಯಾರು ಅಂತ ಗೊತ್ತೇನ್ರೀ ನಿಮಗೆ?”

“ಗೊತ್ತಿಲ್ದೆ ಏನು? ಜಡ್ಜ್ ಆಗಿದ್ದ. ಈಗ ಲಾಯೋಶ್.”

“ವಯಸ್ಸಾದವರನ್ನ ದನ ಅಟ್ಟೋ ಹಾಗೆ ಮಾತಾಡಿಸ್ತೀರಲ್ಲ, ನಾಚಿಕೆ ಆಗಲ್ವಾ?”

“ನಾಚ್ಕೊಳ್ಳೋಕೆ ಪುರುಸೊತ್ತಿಲ್ಲಮ್ಮ, ಸಾರು ಉಕ್ತಿದೆ. ನೋಡೋದಿದ್ರೆ ಒಳಗೆ ಬಾ. ಇಲ್ಲಾಂದ್ರೆ ಹೋಗ್ತಾ ಗೇಟ್ ಹಾಕ್ಕೊಂಡು ಹೋಗು.”

ಗಿಜೆಲ್ಲಾ ಗೇಟು ಹಾಕಿದ ರಭಸಕ್ಕೆ ಬೇಲಿಯ ಮೇಲಿದ್ದ ಗುಬ್ಬಿಗಳೆಲ್ಲ ಹಾರಿಹೋದವು. ‘ಬಾಯಿ ಅಲ್ಲ ಅದು, ಬಚ್ಚಲು’ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದಳು.

ಹೊಂಬಿಸಿಲು ನಿಲಯ ಬೇರೆಯದೇ ಲೋಕ. ಕರೆಗಂಟೆ ಒತ್ತಿದ ಕೂಡಲೇ ಗುಲಾಬಿ ಬಣ್ಣದ ಮೇಲಂಗಿಯ ಹುಡುಗಿ ಬಾಗಿಲು ತೆರೆದು, ನಮ್ಮ ಕಡೆಯ ಮರ್ಯಾದೆಯ ವಂದನೆಯಂತೆ, “ಕೈಗೆ ಮುತ್ತು ಅಮ್ಮಾ! ಒಳಗೆ ಬರೋದು ಇಷ್ಟವಾಗಲಿ” ಎಂದಳು. ಗಿಜೆಲ್ಲಾಳ ಅರ್ಧ ಮನಸ್ಸು ಅಲ್ಲೇ ಕರಗಿತು. ಹಾಗೆಂದು ಅವಳು ಕಣ್ಣು ಮುಚ್ಚಿಕೊಂಡೇನೂ ಹೋಗಲಿಲ್ಲ. ಹಾಸಿಗೆಯ ಅಂಚು ಎತ್ತಿ ನೋಡಿದಳು, ಒದ್ದೆಯಿರಲಿಲ್ಲ. ಬಚ್ಚಲಿನ ಮೂಲೆ ಮೂಸಿದಳು, ನಿಂಬೆಯ ಪರಿಮಳ. ಅಡುಗೆಯ ರುಚಿ ನೋಡಿದಳು, ಗಸಗಸೆ ಶಾವಿಗೆ ಹದವಾಗಿತ್ತು. ಕಿಟಕಿಯ ಗಾಜಿಗೆ ಉಗುರು ಎಳೆದಳು, ಧೂಳಿಲ್ಲ. ಹಜಾರದಲ್ಲಿ ಮುದುಕ ಮುದುಕಿಯರು ಸೋಫಾಗಳಲ್ಲಿ ಕೂದಲು ಬಾಚಿಕೊಂಡು ನೆಟ್ಟಗೆ ಕೂತಿದ್ದರು. ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ. ಒಬ್ಬರೂ ಓಡಾಡುತ್ತಿರಲಿಲ್ಲ. ಅದನ್ನವಳು ಶಿಸ್ತು ಎಂದುಕೊಂಡಳು.

ನಿರ್ದೇಶಕಿ ಕೊರ್ನೇಲಿಯಾ ಬಂದಳು. ಕೊರಳಲ್ಲಿ ಮುತ್ತಿನ ಸರ, ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. “ಕಾಫಿ ಕುಡಿಯೋದು ಇಷ್ಟವೇ ತಮಗೆ? ಏನಾದರೂ ಕೇಳೋದು ಇಷ್ಟವೇ?”

“ಒಂದೇ ಪ್ರಶ್ನೆ. ಬೀಗ ಹಾಕ್ತೀರಾ?”

ಕೊರ್ನೇಲಿಯಾ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಬೀಗವೇ! ನಮ್ಮಲ್ಲಿ ಯಾವ ಬಾಗಿಲಿಗೂ ಬೀಗವಿಲ್ಲ. ನೋಡೋದು ಇಷ್ಟವಾಗಲಿ.” ಮಾತಿಗೆ ತಪ್ಪದೆ ಒಂದೊಂದೇ ಬಾಗಿಲು ತಳ್ಳಿ ತೋರಿಸಿದಳು. ಎಲ್ಲವೂ ತೆರೆದುಕೊಂಡವು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಪೇಟೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು ಅಂದು ಬೆಳ್ಳಗಿದ್ದದ್ದನ್ನು ಹಾಲೆಂದೇ ಕುಡಿದಳು. ಅವಳನ್ನೊಬ್ಬಳನ್ನೇ ದೂರಬೇಡಿ, ನಮ್ಮೂರಿನ ಯಾರನ್ನು ಕಳಿಸಿದ್ದರೂ ಇದನ್ನೇ ಮಾಡುತ್ತಿದ್ದರು. ನಮಗೆ ಮರ್ಯಾದೆಯ ಮಾತು ಕಿವಿಗೆ ಬಿದ್ದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.

ಅಕ್ಕನನ್ನು ಅಲ್ಲಿಗೇ ಸೇರಿಸಿದಳು. ಭೇಟಿಯ ದಿನ ಭಾನುವಾರ, ಮಧ್ಯಾಹ್ನದ ಮೇಲೆ. ಗಿಜೆಲ್ಲಾ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅರಂಕಾ ಸೋಫಾದಲ್ಲಿ ಇಸ್ತ್ರಿ ಮಾಡಿದ ರವಿಕೆ ಹಾಕಿಕೊಂಡು ಕೂತಿರುತ್ತಿದ್ದಳು. “ನಡೆದು ಬರೋಣ್ವಾ ಅಕ್ಕಾ?” ಎಂದರೆ ಗುಲಾಬಿ ಅಂಗಿಯ ಹುಡುಗಿ ನಡುವೆ ಬಂದು, “ಈಗಷ್ಟೇ ತೋಟ ಸುತ್ತಿ ಬಂದರು, ದಣಿದಿದ್ದಾರೆ” ಎನ್ನುವಳು. ಅರಂಕಾಳ ಕಣ್ಣುಗಳು ನಿಜಕ್ಕೂ ದಣಿದವರ ಕಣ್ಣುಗಳ ಹಾಗೆ ಜೋಲುತ್ತಿದ್ದವು. ಕಾಲು ತೆಳ್ಳಗಾಗಿದೆಯಲ್ಲ ಎಂದು ಒಮ್ಮೆ ಅನ್ನಿಸಿತು. ವಯಸ್ಸು, ಎಂದುಕೊಂಡಳು.

ಒಂದು ಭಾನುವಾರ ಆ ಹುಡುಗಿ ತಟ್ಟೆಯಲ್ಲಿ ಪ್ಲಮ್ ಕಡುಬು ತಂದು, “ಅರಂಕಾ ದೊಡ್ಡಮ್ಮ, ತಿನ್ನೋದು ಇಷ್ಟವೇ?” ಎಂದಳು.

“ಇಷ್ಟವಿಲ್ಲ” ಎಂದಳು ಅರಂಕಾ.

ಹುಡುಗಿ ಕಿಲಕಿಲ ನಕ್ಕಳು. “ಕೇಳಿಸ್ಕೊಂಡಿರಾ? ಎಲ್ಲದಕ್ಕೂ ಹೀಗೇ ಅಂತಾರೆ! ಎಷ್ಟು ಮುದ್ದು!” ಎಂದು ಕಡುಬಿನ ಚೂರನ್ನು ಬಾಯೊಳಕ್ಕೆ ತಳ್ಳಿದಳು. ಗಿಜೆಲ್ಲಾಳಿಗೂ ನಗು ಬಂತು. ನಕ್ಕಳು. ಮರ್ಯಾದೆ ಕಲಿಸಿದವಳೇ ಮರ್ಯಾದೆಯ ಮಾತಿಗೆ ಮಗುವಿನ ಹಾಗೆ ಉತ್ತರ ಕೊಡುತ್ತಿದ್ದಾಳಲ್ಲ ಎಂದು, ಪ್ರೀತಿಯಿಂದಲೇ ನಕ್ಕಳು.

ಈಸ್ಟರ್‌ಗೆ ಮುಂಚಿನ, ಮಾಂಸ ಬಿಡುವ ಉಪವಾಸದ ವಾರ ಬಂತು. ಆ ವಾರ ಊರೆಲ್ಲ ಮೀನು ತಿನ್ನುತ್ತದೆ. ಹೊಂಬಿಸಿಲಿನ ಅಡುಗೆಮನೆಗೂ ಒಂದು ಪೆಟ್ಟಿಗೆ ಮೀನು ಬೇಕೆಂದು ಬೇಡಿಕೆ ಬಂತು. ಹೊತ್ತು ತಲುಪಿಸುವವನು ಬೆನ್ನು ಹಿಡಿದುಕೊಂಡು ಮಲಗಿದ್ದ. ಗಿಜೆಲ್ಲಾ ತಾನೇ ವ್ಯಾನು ಓಡಿಸಿಕೊಂಡು ಹೋದಳು. ಅಂದು ಬುಧವಾರ, ಬೆಳಗಿನ ಹೊತ್ತು. ಮೀನು ಮುಂಬಾಗಿಲಿನಿಂದ ಹೋಗುವುದಿಲ್ಲವಲ್ಲ, ಹಿತ್ತಲಿನಿಂದ ಅಡುಗೆಮನೆಗೆ ನುಗ್ಗಿದಳು. ಅಡುಗೆಯವಳು ಕಾಣಲಿಲ್ಲ. ಪೆಟ್ಟಿಗೆಯನ್ನು ಸೊಂಟಕ್ಕೆ ಒರಗಿಸಿಕೊಂಡು ಊಟದ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿದಳು.

ಕೋಣೆಯ ತುಂಬ ಕುರ್ಚಿಗಳು. ಸೋಫಾಗಳಲ್ಲ; ಭಾನುವಾರ ಕಾಣದ ಎತ್ತರದ ಕುರ್ಚಿಗಳು. ಒಂದೊಂದರ ಮುಂದೆಯೂ ಊಟದ ಹಲಗೆ, ಹಲಗೆಯ ಅಡಿಯಲ್ಲಿ ಕೂತವರ ಕೈಗೆಟುಕದ ಹಾಗೆ ಉಕ್ಕಿನ ಚಿಲಕ. ಹಲಗೆಗಳ ಮೇಲೆ ಊಟವಿರಲಿಲ್ಲ, ಕೈಗಳಿದ್ದವು. ಮುಂದುಗಡೆ ಟಿವಿ ತನ್ನಷ್ಟಕ್ಕೆ ಅಡುಗೆ ಕಲಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎರಡೂ ಅಂಗೈಗಳಿಂದ ಹಲಗೆಯನ್ನು ಮುಂದಕ್ಕೆ ತಳ್ಳುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ತಳ್ಳುತ್ತಿದ್ದಳು. ಬಾಚದ ಕೂದಲು, ಕಲೆಬಿದ್ದ ಅಂಗಿ. ಯಾರೋ ಪಾಪ ಎಂದುಕೊಂಡಳು ಗಿಜೆಲ್ಲಾ.

ಗುಲಾಬಿ ಅಂಗಿಯ ಹುಡುಗಿ ಆಕೆಯ ಬಳಿ ಬಾಗಿ ಸಕ್ಕರೆಯಂಥ ದನಿಯಲ್ಲಿ ಹೇಳಿದಳು: “ಅರಂಕಾ ದೊಡ್ಡಮ್ಮ, ಸುಮ್ಮನೆ ಕೂತಿರೋದು ಇಷ್ಟವಾಗಲಿ.”

“ಇಷ್ಟವಿಲ್ಲ.”

“ಕೂತಿರೋದು ಇಷ್ಟವಾಗಲಿ ದೊಡ್ಡಮ್ಮ.”

“ಇಷ್ಟವಿಲ್ಲ.”

“ಅಯ್ಯೋ ನನ್ನ ಮುದ್ದೇ. ಮದ್ದಿನ ಹನಿ ಕುಡಿಯೋದು ಇಷ್ಟವೇ? ಕುಡಿದರೆ ನಿದ್ದೆ ಬರುತ್ತೆ.”

“ಇಷ್ಟವಿಲ್ಲ. ಇಷ್ಟವಿಲ್ಲ. ಇಷ್ಟವಿಲ್ಲ.”

ಹುಡುಗಿ ಗದ್ದ ಹಿಡಿದು ಚಮಚ ಬಾಯಿಗಿಟ್ಟಳು. ಗದರಲಿಲ್ಲ, ಹೊಡೆಯಲಿಲ್ಲ, ದನಿ ಏರಿಸಲಿಲ್ಲ. ತುಂಬು ಮರ್ಯಾದೆಯಿಂದ ಕುಡಿಸಿದಳು.

ಗಿಜೆಲ್ಲಾಳ ಸೊಂಟದಿಂದ ಪೆಟ್ಟಿಗೆ ಜಾರಿತು. ಹೊಳೆಯುವ ನೆಲದ ಮೇಲೆ ಮಂಜುಗಡ್ಡೆ ಚೆಲ್ಲಿ, ಮೀನುಗಳು ಕುರ್ಚಿಗಳ ಕೆಳಗೆಲ್ಲ ಜಾರಿಕೊಂಡು ಹೋದವು. ಬಾಗಿಲಿಗೆ ಬೀಗವಿಲ್ಲವಂತೆ! ಕುರ್ಚಿಗೇ ಚಿಲಕವಿರುವಾಗ ಬಾಗಿಲಿಗೇಕೆ ಬೀಗ? ತಾನು ಹಾಕಿದ ಬೀಗದೊಳಗೆ ಅಕ್ಕ ಕೋಣೆಯಿಂದ ಕೋಣೆಗಾದರೂ ನಡೆಯುತ್ತಿದ್ದಳು, ಬಾಗಿಲನ್ನಾದರೂ ಬಡಿಯುತ್ತಿದ್ದಳು. ಇಲ್ಲಿ ಬಡಿಯಲು ಬಾಗಿಲೂ ಇಲ್ಲ. ಜೀವಮಾನವಿಡೀ ಮೀನಿನ ಕಿವಿರು ಎತ್ತಿ ನೋಡಿದವಳು ಅಕ್ಕನ ವಿಷಯದಲ್ಲಿ ಹೊಳೆಯುವ ಹುರುಪೆ ನೋಡಿ ಮೋಸಹೋಗಿದ್ದಳು.

ಸದ್ದಿಗೆ ಕೊರ್ನೇಲಿಯಾ ಓಡಿಬಂದಳು. ಮೀನುಗಳನ್ನು ನೋಡಿದಳು, ಗಿಜೆಲ್ಲಾಳನ್ನು ನೋಡಿದಳು, ಮುಗುಳ್ನಗೆಯನ್ನು ಹುಡುಕಿ ತೊಟ್ಟುಕೊಂಡಳು. “ಇವತ್ತು ಭೇಟಿಯ ದಿನವಲ್ಲವಲ್ಲ...”

“ಅದಕ್ಕೇ ಕಣ್ಣಿಗೆ ಬಿತ್ತು. ಇದೇನು ಇದು?” ಗಿಜೆಲ್ಲಾ ಹಲಗೆಯನ್ನು ಬಡಿದಳು.

“ಅದು ಅವರ ಕ್ಷೇಮಕ್ಕೆ. ಎದ್ದರೆ ಬೀಳ್ತಾರೆ, ಬಿದ್ದರೆ ಸೊಂಟ ಮುರಿಯುತ್ತೆ. ಆಮೇಲೆ ತಾವೇ ಬಂದು ನಮ್ಮನ್ನ ಕೇಳೋದು.”

“ನಡೆದೇ ಬದುಕಿದವಳು ಅವಳು! ಈ ಊರಿನ ಕೆಳಬೀದಿಯ ಕಲ್ಲುಗಳು ಸವೆದಿದ್ದು ಅವಳ ಕಾಲಿಗೆ! ದಿನಾ ತೋಟ ಸುತ್ತುತ್ತಾರೆ ಅಂದ್ರಲ್ಲ, ಯಾವ ತೋಟ? ಈ ಟಿವಿಯೊಳಗಿನ ತೋಟಾನಾ?”

“ತಾವು ಉದ್ವೇಗಗೊಂಡಿದ್ದೀರಿ.”

“ಬೇಡ ಅಂತಿದ್ದಾಳಲ್ಲ ಅವಳು! ನನ್ನ ಕಣ್ಣೆದುರೇ ಎಷ್ಟು ಸಲ ಇಷ್ಟವಿಲ್ಲ ಅಂದ್ಲು! ನಿಮಗೆ ಕಿವಿ ಇಲ್ವಾ?”

ಕೊರ್ನೇಲಿಯಾ ದನಿ ತಗ್ಗಿಸಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು: “ಅದು ಅವರ ಮಾತಲ್ಲ, ಕಾಯಿಲೆಯ ಮಾತು. ಅವರಿಗೇನು ಗೊತ್ತಾಗುತ್ತೆ? ಅವರ ಮಾತನ್ನೆಲ್ಲ ಮಾತು ಅಂತ ಹಿಡಿದರೆ ಮನೆ ನಡೆಯುತ್ತಾ?” ಆಮೇಲೆ ಗಿಜೆಲ್ಲಾಳ ಮೊಣಕೈ ಮೃದುವಾಗಿ ಹಿಡಿದು ಒಂದು ಖಾಲಿ ಕುರ್ಚಿಯ ಕಡೆ ತಿರುಗಿಸಿದಳು. “ಗಿಜೆಲ್ಲಾ ದೊಡ್ಡಮ್ಮ, ತಾವೂ ಒಂದು ಕ್ಷಣ ಕೂತ್ಕೊಳ್ಳೋದು ಇಷ್ಟವಾಗಲಿ.”

ಗಿಜೆಲ್ಲಾ ಆ ಕುರ್ಚಿಯನ್ನು ನೋಡಿದಳು. ಅದಕ್ಕೂ ಹಲಗೆಯಿತ್ತು, ಚಿಲಕವಿತ್ತು. ತನ್ನನ್ನು ದೊಡ್ಡಮ್ಮ ಎಂದು ಕರೆಯುವ ಕಾಲ ಬಂದಿದೆ, ಆ ಮರ್ಯಾದೆಯ ಸಾಲಿನಲ್ಲಿ ತನಗೂ ಜಾಗ ಕಾದಿದೆ ಎಂದು ಅವಳಿಗೆ ಅಂದೇ ಮೊದಲು ಹೊಳೆದದ್ದು.

“ಇಷ್ಟವಿಲ್ಲ!” ಎಂದು ಅರಚಿದಳು. ಕಿಟಕಿ ನಡುಗುವ ಹಾಗೆ ಅರಚಿದಳು. “ಇಷ್ಟವಿಲ್ಲ ಕಣ್ರೀ! ನನಗೂ ಇಷ್ಟವಿಲ್ಲ! ನಂದೂ ಕಾಯಿಲೆಯ ಮಾತೇನು? ಹನಿ ಕುಡಿಸ್ತೀರಾ ನನಗೂ? ಇಡೀ ಮನೆಯಲ್ಲಿ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೋಳು ಇವಳೊಬ್ಬಳೇ! ನೀವು ದಿನಾ ಕೇಳ್ತೀರಿ, ಅವಳು ದಿನಾ ಹೇಳ್ತಾಳೆ, ನೀವು ನಗ್ತೀರಿ! ಥೂ! ಇಂಥ ಮರ್ಯಾದೆ ಕೊಡೋದಕ್ಕಿಂತ ಒಂದು ಹೊಡೆದುಬಿಡಿ, ಹೊಡೆತ ಆದ್ರೂ ಹೊಡೆತ ಅಂತ ಗೊತ್ತಾಗುತ್ತೆ!”

ಗಿಜೆಲ್ಲಾ ಮಂಡಿಯೂರಿ ಹಲಗೆಯ ಅಡಿಗೆ ಕೈ ಹಾಕಿದಳು. ಮೀನಿನ ಜಿಡ್ಡಿಗೆ ಚಿಲಕ ಜಾರಿತು. ಎರಡನೆಯ ಸಲ ಬಿಚ್ಚಿಕೊಂಡಿತು. ಅರಂಕಾ ಹಲಗೆ ಸರಿದದ್ದನ್ನು ನೋಡಿದಳು, ಕುರ್ಚಿಯ ಕೈ ಹಿಡಿದು ಎದ್ದಳು, ಕಾಲು ಕಡ್ಡಿಯ ಹಾಗೆ ನಡುಗಿತು. ತಂಗಿಯ ಹೆಗಲಿಗೆ ಜೋತುಬಿದ್ದು ಒಂದು ಹೆಜ್ಜೆ ಇಟ್ಟಳು. ನಡೆದೇ ಸೈಕಲ್ಲನ್ನು ದಣಿಸದೆ ಉಳಿಸಿದ ಹೆಂಗಸಿಗೆ ಹಿತ್ತಲಿನ ಬಾಗಿಲು ದೂರದೂರಾಗಿತ್ತು. ಅದನ್ನು ಕಂಡು ಗಿಜೆಲ್ಲಾಳಿಗೆ ಅಳು ಬಂತು, ಅಳುತ್ತಲೇ ಬೈದಳು, ಬೈಯುತ್ತಲೇ ಕರೆದೊಯ್ದಳು. “ಜವಾಬ್ದಾರಿ ತಮ್ಮದು!” ಎಂದು ಕೊರ್ನೇಲಿಯಾ ಹಿಂದಿನಿಂದ ಕೂಗಿದಳು. “ಹೌದು, ನಂದೇ! ನಿಮ್ಮದು ಯಾವತ್ತಿತ್ತು?” ಎಂದಳು ಗಿಜೆಲ್ಲಾ. ಮೀನುಗಳನ್ನು ಹೆಕ್ಕಲಿಲ್ಲ.

ವ್ಯಾನಿನಲ್ಲಿ ಅಕ್ಕನನ್ನು ಕೂರಿಸಿ ಬಾಗಿಲು ಹಾಕಿದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ ಎದುರು ನಿಂತಿತು. ಮೂರನೆಯ ಮಹಡಿಗೆ ಈ ಕಾಲು ಹತ್ತುವುದಿಲ್ಲ. ಹತ್ತಿದರೂ ಮತ್ತೆ ಅದೇ ಬೀಗ. ಬೇರೆ ಮನೆಗಳ ಹೆಸರುಗಳು ನೆನಪಾದವು; ಎಲ್ಲವೂ ಕೈಗೆ ಮುತ್ತಿಡುವ ಮನೆಗಳೇ. ಗಿಜೆಲ್ಲಾ ಹಲ್ಲು ಕಚ್ಚಿ ಹಳ್ಳಿಯ ದಾರಿ ಹಿಡಿದಳು. ಬೈದು ಬಂದ ಬಾಗಿಲಿಗೆ ಮತ್ತೆ ಹೋಗುವುದು ಅವಳಂಥವಳಿಗೆ ವಿಷ ಕುಡಿದಷ್ಟು ಕಷ್ಟ. ಆದರೂ ಕುಡಿದಳು.

ಹಳೇ ಡೇರಿಯ ಅಂಗಳದಲ್ಲಿ ಮರ್ಚಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಸಿಗರೇಟು ಸೇದುತ್ತಿದ್ದಳು. ಅಕ್ಕತಂಗಿಯರು ಮೀನಿನ ವ್ಯಾನಿನಿಂದ ಇಳಿದು ಗೇಟಿನ ಹೊರಗೆ ನಿಂತದ್ದನ್ನು ನೋಡಿದಳು. ಏಳಲಿಲ್ಲ.

“ಓಹೋ, ಮೀನಿನವಳು! ನನ್ನ ಬಾಯಿ ಕೊಳಕು ಅಂತ ಹೋದೋಳು ಅಲ್ವೇನೇ ನೀನು?”

“ಹೌದು” ಎಂದಳು ಗಿಜೆಲ್ಲಾ. “ಕೊಳಕೇ. ಜಾಗ ಇದೆಯಾ?”

“ಇದೆ. ಕಿಟಕಿ ಪಕ್ಕದ ಹಾಸಿಗೆ. ಹೋದ ವಾರ ಒಬ್ಬ ತೀರಿಕೊಂಡ, ಪುಣ್ಯಾತ್ಮ.” ಮರ್ಚಾ ಸಿಗರೇಟು ಕಾಲಿನಡಿ ಹೊಸಕಿ ಎದ್ದು ಬಂದಳು. ಅರಂಕಾಳ ಕಾಲನ್ನು ನೋಡಿದಳು, ಮಣಿಕಟ್ಟಿನ ಮೇಲೆ ಹಲಗೆಯ ಅಂಚು ಒತ್ತಿ ಮೂಡಿದ್ದ ಕೆಂಪು ಗೆರೆಯನ್ನು ನೋಡಿದಳು. “ಯಾವ ಮನೆಯಿಂದ?”

“ಮರ್ಯಾದಸ್ಥರ ಮನೆಯಿಂದ.”

“ಗೊತ್ತಾಯ್ತು ಬಿಡು.” ಮರ್ಚಾ ಅವಳ ಕಡೆ ತಿರುಗಿದಳು. “ನಿನ್ನ ಹೆಸರೇನೇ?”

“ಅರಂಕಾ.” ಆ ಹೆಸರನ್ನು ಅವಳೇ ಹೇಳಿದ್ದು ಕೇಳಿ ತಂಗಿ ಬೆರಗಾದಳು. ಯಾರೂ ಕೇಳಿರಲಿಲ್ಲವಲ್ಲ.

“ಅರಂಕಾ, ಇಲ್ಲಿ ಬೀಗ ಚಿಲಕ ಇಲ್ಲ. ಇಗೋ ಈ ಗೇಟೊಂದು ಇದೆ, ರಸ್ತೇಲಿ ಲಾರಿ ಓಡಾಡುತ್ತೆ ಅಂತ. ಒಳಗೆ ಎಲ್ಲಿ ಬೇಕಾದ್ರೂ ಸುತ್ತು. ಬಿದ್ರೆ ಎತ್ತೀನಿ. ಊಟ ಸುಮಾರಾಗಿರುತ್ತೆ. ಇಲ್ಲಿರ್ತೀಯೇನೇ?”

ಏಕವಚನ ಕಿವಿಗೆ ಚುಚ್ಚಿದರೂ ಗಿಜೆಲ್ಲಾ ಉಸಿರು ಬಿಗಿಹಿಡಿದಳು. ಅರಂಕಾ ಅಂಗಳವನ್ನು ನೋಡಿದಳು. ಮರದ ಕೆಳಗೆ ನಡೆಯುತ್ತಿದ್ದ ಮುದುಕನನ್ನು ನೋಡಿದಳು, ಒಡೆದ ಬಿಲ್ಲೆಗಳನ್ನು ನೋಡಿದಳು, ಮರ್ಚಾಳ ಮುಖವನ್ನು ಬಹಳ ಹೊತ್ತು ನೋಡಿದಳು. ಗೇಟಿನ ಕಂಬಿಯನ್ನು ಹೊರಗಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು.

“ಇಲ್ಲ” ಎಂದಳು. “ಇಷ್ಟವಿಲ್ಲ.”

“ಸರಿ” ಎಂದಳು ಮರ್ಚಾ, ಬಕೆಟ್ಟಿನ ಕಡೆ ತಿರುಗಿದಳು.

“ಸರಿ ಅಂದ್ರೆ?” ಗಿಜೆಲ್ಲಾ ಗಾಬರಿಯಾದಳು.

“ಸರಿ ಅಂದ್ರೆ ಸರಿ. ಬರಲ್ಲ ಅಂದ್ಲಲ್ಲ.”

“ಅಯ್ಯೋ, ನಾನು ಎಲ್ಲಿಗೆ ಕರ್ಕೊಂಡು ಹೋಗ್ಲಿ? ಮೂರನೇ ಮಹಡಿ, ಅಂಗಡಿ, ನಾನೊಬ್ಬಳೇ! ನೀವು ಒಳಗೆ ಕರ್ಕೊಂಡು ಹೋಗಿ, ಎರಡು ದಿನ ಆದ್ರೆ ಹೊಂದ್ಕೋತಾಳೆ. ಅವಳ ಮಾತು ಹಿಡ್ಕೊಂಡು ಕೂತ್ರೆ ಆಗುತ್ತಾ? ಅವಳಿಗೇನು ಗೊತ್ತಾಗು—”

ಮಾತು ಅಲ್ಲಿಗೇ ನಿಂತಿತು. ಬೆಳಿಗ್ಗೆ ಮುತ್ತಿನ ಸರದ ಹೆಂಗಸಿನ ಬಾಯಲ್ಲಿ ಕೇಳಿ ಕಿಟಕಿ ನಡುಗುವ ಹಾಗೆ ಅರಚಿದ ಮಾತು, ಮಧ್ಯಾಹ್ನವಾಗುವುದರೊಳಗೆ ತನ್ನ ನಾಲಿಗೆಯ ಮೇಲಿತ್ತು.

ಮರ್ಚಾ ಬೈದಿದ್ದರೆ ಗಿಜೆಲ್ಲಾ ತಿರುಗಿಸಿ ಬೈಯುತ್ತಿದ್ದಳು, ಅದು ಸುಲಭ. ಬೈಯಲು ಅಲ್ಲಿ ಯಾರೂ ಇರಲಿಲ್ಲ, ತಾನೊಬ್ಬಳನ್ನು ಬಿಟ್ಟರೆ.

“ನಾ ನಾಳೆಯೂ ಕೇಳ್ತೀನಿ” ಎಂದಳು ಮರ್ಚಾ. “ನಾಳಿದ್ದೂ ಕೇಳ್ತೀನಿ. ಹಾಸಿಗೆ ಯಾರಿಗೂ ಕೊಡಲ್ಲ, ಈ ವಾರ. ಆದ್ರೆ ಎಳ್ಕೊಂಡು ಬರಬೇಡ, ಹೇಳಿದೀನಿ.”

ಗಿಜೆಲ್ಲಾ ಅಕ್ಕನ ಮುಂದೆ ಹೋಗಿ ನಿಂತಳು. ಚಿಕ್ಕವಳಾಗಿದ್ದಾಗಿನಿಂದ ಇದುವರೆಗೆ ಅವಳು ಅಕ್ಕನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ ಎಂದು ನೀವು ತಿಳಿದಿದ್ದರೆ ತಪ್ಪು. ಮನೆಯೊಳಗೆ ನೀನು ತಾನು ಎಂದೇ ಬೆಳೆದವರು ಅವರು. ಯಾವ ಮಾತಿನಲ್ಲಿ ಕೇಳಿದಳು ಎಂಬುದಲ್ಲ, ಏನನ್ನಾದರೂ ಕೇಳಿದ್ದೇ ಎಷ್ಟು ವರ್ಷಗಳ ಹಿಂದೆ ಎಂದು ಅವಳಿಗೇ ನೆನಪಿರಲಿಲ್ಲ. ಹೊಂಬಿಸಿಲಿಗೆ ಸೇರಿಸುವಾಗ ಕೇಳಿರಲಿಲ್ಲ. ಬೀಗ ಹಾಕುವಾಗ ಕೇಳಿರಲಿಲ್ಲ. ಇವತ್ತು ಇಲ್ಲಿಗೆ ಕರೆತರುವಾಗಲೂ ಕೇಳಿರಲಿಲ್ಲ.

“ಕೇಳಿಸ್ತು ಅಕ್ಕಾ” ಎಂದಳು. “ಬೇಡ ಅಂದೆ ನೀನು. ಕೇಳಿಸ್ತು.”

ಅರಂಕಾ ಗೇಟಿನ ಕಂಬಿಯಿಂದ ಕೈ ತೆಗೆದಳು. ಅಷ್ಟು ಹೊತ್ತು ಬಿಗಿದಿದ್ದ ಬೆರಳುಗಳು ಬಿಳಿಚಿಕೊಂಡಿದ್ದವು. ಆಮೇಲೆ ರಸ್ತೆಯ ಅಂಚಿಗೆ ತಿರುಗಿ ನಡೆಯತೊಡಗಿದಳು, ಬೀಳುವವಳ ಹಾಗೆ, ಆದರೂ ಬೀಳದೆ. ಗಿಜೆಲ್ಲಾ ವ್ಯಾನನ್ನು ಅಲ್ಲೇ ಬಿಟ್ಟು ಅವಳ ಪಕ್ಕಕ್ಕೆ ಹೋಗಿ, ಲಾರಿಗಳು ಬರುವ ಬದಿಯಲ್ಲಿ ತಾನು ನಡೆದಳು.